ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ನಾರ್ಮಲ್, ಆಂಟಿ ಟಿಪಿಒ (ಥೈರಾಯ್ಡ್ ವಿರುದ್ಧದ ಆಂಟಿಬಾಡಿ) ಸಾವಿರದ ಮೇಲೆ: ಮಗಳ ಫಿಟ್ಸ್‌ಗೆ ಇದೇ ಕಾರಣನಾ?

ತುಮಕೂರಿನ ಅಮ್ಮ:
ಮಗಳಿಗೆ 13 ವರ್ಷ. ಒಂದು ತಿಂಗಳಿಂದ ತೀರಾ ಮಂಕಾಗಿದ್ದಾಳೆ. ಗೋಡೆ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಾಳೆ. ಬರೆಯಲು ಕೂತರೆ ಕೈ ನಡುಗಿ ಅಕ್ಷರ ಗೆರೆ ಬಿಟ್ಟು ಓಡುತ್ತದೆ. ಹೋದ ವಾರ ಎರಡು ಸಲ ಫಿಟ್ಸ್ ಬಂತು. ಎಂಆರ್‌ಐನಲ್ಲಿ ಏನೂ ಇಲ್ಲ. ಡಾಕ್ಟರ್ 'ಹಶಿಮೋಟೊ ಎನ್ಸೆಫಲೋಪತಿ, ಅಂದರೆ ಥೈರಾಯ್ಡ್ ಆಂಟಿಬಾಡಿ ಜೊತೆ ಕಾಣುವ ಮಿದುಳಿನ ತೊಂದರೆ ಇರಬಹುದು, ಸ್ಟೀರಾಯ್ಡ್ ಕೊಟ್ಟು ನೋಡೋಣ' ಅಂದರು. ಅತ್ತೆ ದೃಷ್ಟಿ ತೆಗೆಸು ಅಂತ ಹಿಡಿದಿದ್ದಾರೆ. ಥೈರಾಯ್ಡ್ ಸರಿ ಇದ್ದರೂ ಮಿದುಳಿಗೆ ಹೀಗಾಗುತ್ತಾ?

ಮಕ್ಕಳ ವಾರ್ಡ್:
ಆಗುತ್ತದೆ ಅಮ್ಮಾ. ಇದು ಹಾರ್ಮೋನ್ ಕಮ್ಮಿಯಾಗಿ ಬರುವ ತೊಂದರೆ ಅಲ್ಲ, ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವುದು, ಹಾಗಾಗಿ ಥೈರಾಯ್ಡ್ ಮಾತ್ರೆಯೊಂದರಿಂದಲೇ ವಾಸಿಯಾಗುವುದಿಲ್ಲ. 1966ರಲ್ಲಿ ಮೊದಲು ವರದಿಯಾದ ರೋಗಿ ನಡುವಯಸ್ಸಿನ ಗಂಡಸು, ಆದರೆ ಮಕ್ಕಳಲ್ಲೂ ಬರುತ್ತದೆ.

ಆದರೆ ಟಿಪಿಒ ನಂಬರ್ ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡಿ. ಯಾವ ಕಾಯಿಲೆಯೂ ಇಲ್ಲದ ಕೆಲವರಲ್ಲೂ ಅದು ಜಾಸ್ತಿ ಇರುತ್ತದೆ. ಬೇರೆಲ್ಲ ಕಾರಣ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಇದು. ಬೆನ್ನಿನ ನೀರು ತೆಗೆದರಾ? ಇಇಜಿ (ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಆಯಿತಾ? ಮಿದುಳಿನ ಮೇಲೇ ಬೀಳುವ ಎನ್‌ಎಂಡಿಎ ಆಂಟಿಬಾಡಿಯನ್ನು ರಕ್ತ, ಬೆನ್ನಿನ ನೀರು ಎರಡರಲ್ಲೂ ನೋಡಬೇಕು, ಈ ವಯಸ್ಸಿನ ಹುಡುಗಿಯರಲ್ಲಿ ಅದರಿಂದ ಬರುವ ಕಾಯಿಲೆ ಥೇಟ್ ಹೀಗೇ ಶುರುವಾಗುತ್ತದೆ. ಚಿಕ್ಕಂದಿನಲ್ಲಿ ದಡಾರ ಬಂದಿತ್ತಾ ಅಂತಲೂ ಹೇಳಿ. ವರ್ಷಗಳಾದ ಮೇಲೆ ಅದೇ ವೈರಸ್ ಎಸ್‌ಎಸ್‌ಪಿಇ ಅನ್ನುವ ಮಿದುಳಿನ ಕಾಯಿಲೆಯಾಗಿ ಕಾಡುವುದುಂಟು, ನಮ್ಮ ಕಡೆ ಅದನ್ನು ಮರೆಯುವ ಹಾಗಿಲ್ಲ.

ಮೈಸೂರಪ್ಪ:
ನನ್ನ ಮಗನಿಗೂ ಇದೇ ಆಗಿತ್ತು. ಮೊದಲು ಮಾನಸಿಕ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದ್ದರು, ಆ ಸಿಟ್ಟು ಇನ್ನೂ ಇದೆ. ಆಮೇಲೆ ಐದು ದಿನ ಡ್ರಿಪ್‌ನಲ್ಲಿ ಮಿಥೈಲ್‌ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಹಾಕಿದರು. ವಾರದೊಳಗೆ ತಂಗಿ ಹೆಸರು ಹಿಡಿದು ಕರೆದ, ದೋಸೆ ಬೇಕು ಅಂದ. ಆಮೇಲಿನ ತಿಂಗಳುಗಳೇ ಕಷ್ಟ. ಸ್ಟೀರಾಯ್ಡ್ ಮಾತ್ರೆಯಲ್ಲಿ ಮುಖ ಊದುತ್ತದೆ, ಹಸಿವೋ ಹಸಿವು, ಸಿಡುಕು ಬೇರೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಡೋಸ್ ಇಳಿಸುವಾಗ ಒಮ್ಮೆ ಮರುಕಳಿಸಿತು, ಆಗ ಐವಿಐಜಿ (ಡ್ರಿಪ್‌ನಲ್ಲಿ ಕೊಡುವ ಆಂಟಿಬಾಡಿ ಔಷಧ) ಕೊಟ್ಟರು.

ತುಮಕೂರಿನ ಅಮ್ಮ:
ದಡಾರದ ಸೂಜಿ ಎರಡೂ ಹಾಕಿಸಿದ್ದೇವೆ. ಬೆನ್ನಿನ ನೀರು ತೆಗೆದಿಲ್ಲ, ಕಾಲು ಬಿದ್ದುಹೋಗುತ್ತದೆ ಅಂತ ಮನೆಯವರು ಬೇಡ ಅಂದರು.

ಮಕ್ಕಳ ವಾರ್ಡ್:
ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿಯುವ ಜಾಗದ ಕೆಳಗೆ, ಕಾಲು ಬೀಳುತ್ತದೆ ಅನ್ನುವ ಭಯ ಬೇಡ. ಒಂದೆರಡು ದಿನ ತಲೆನೋವು ಬರಬಹುದು. ಸ್ಟೀರಾಯ್ಡ್ ಶುರುವಾಗುವ ಮುಂಚೆಯೇ ಮಾಡಿಸಿದರೆ ಒಳ್ಳೆಯದು, ನಾಳೆಯೇ ಕೇಳಿ. ಮತ್ತೆ ಫಿಟ್ಸ್ ಬಂದು ಐದು ನಿಮಿಷ ದಾಟಿದರೆ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ.