ದೊಡ್ಡಮ್ಮಾ, ಮೊದಲು ಆ ಕಾಲುರಿಯ ಮಾತ್ರೆ ನೋಡಿ

ದೊಡ್ಡಮ್ಮಾ, ನಿಮ್ಮ ಮೆಸೇಜು ಕೇಳಿದೆ. ಅಕ್ಕನ ಬಾಣಂತನಕ್ಕೆ ದುಬೈಗೆ ಹೋದರೆ ಮೂರು ತಿಂಗಳು ಅಲ್ಲೇ, ಮಾತ್ರೆ ಎಲ್ಲ ಬದಿಯಡ್ಕದಿಂದಲೇ ಕೊಂಡುಹೋಗಬಹುದಾ ಅಂತ ಕೇಳಿದ್ದೀರಿ. ಬಿಪಿಯದ್ದು, ಶುಗರಿನದ್ದು, ಥೈರಾಯ್ಡಿನದ್ದು ಡಾಕ್ಟರ ಚೀಟಿ ಇದ್ದರೆ ತೊಂದರೆ ಇಲ್ಲ. ನನಗೆ ಹೆದರಿಕೆ ಇರುವುದು ನೀವು ರಾತ್ರಿ ಕಾಲುರಿಗೆ ತೆಗೆದುಕೊಳ್ಳುವ ಮಾತ್ರೆಯದ್ದು.

ಅದನ್ನು ನೀವು ವಿಟಮಿನ್ ಮಾತ್ರೆ ಅಂತ ಹೇಳುವುದು. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರ ಉಂಟಲ್ಲ, ಕನ್ನಡಕ ಹಾಕಿ ಓದಿ. ಮಿಥೈಲ್‌ಕೊಬಾಲಮಿನ್ ಅಂದರೆ ವಿಟಮಿನ್ನೇ, ಬಿ12. ಆದರೆ ಅದರ ಜೊತೆ ಪ್ರಿಗ್ಯಾಬಲಿನ್ ಅಂತ ಇದ್ದರೆ, ಅದು ನರದ ನೋವಿನ ಮದ್ದು, ಯುಎಇಯಲ್ಲಿ ನಿಯಂತ್ರಣದಲ್ಲಿರುವ ಔಷಧಿ. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ನಿದ್ದೆ ಬರಲು ಕೊಡುವ ಆಲ್ಪ್ರಜೋಲಮ್ ಕೂಡ ಹಾಗೆಯೇ. ಇಂಥದ್ದನ್ನು ಕೊಂಡುಹೋಗಲು ಹೊರಡುವ ಮೊದಲೇ ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿ ಅನುಮತಿ ತೆಗೆಯಬೇಕು. ಎಷ್ಟು ದಿನದ್ದು ತರಬಹುದು ಅಂತಲೂ ಭಾವ ಅಲ್ಲೇ ನೋಡಲಿ. ಪಾಸ್‌ಪೋರ್ಟಿನ ಪ್ರತಿ, ಚೀಟಿ, ಡಾಕ್ಟರ ವರದಿ ಅವರಿಗೆ ಕಳಿಸಿ. ಹೆದರಿ ಮಾತ್ರೆಯನ್ನೇ ನಿಲ್ಲಿಸಬೇಡಿ ಮಾತ್ರ, ಪ್ರಿಗ್ಯಾಬಲಿನ್ ಫಕ್ಕನೆ ಬಿಡುವ ಮದ್ದಲ್ಲ. ಬದಲಿ ಮದ್ದು ಆಗುತ್ತದಾ ಅಂತ ಡಾಕ್ಟರ ಹತ್ತಿರ ಈಗಲೇ ಕೇಳಿ. ಬದಲಾಯಿಸಿದರೆ ಹೊಸತು ಹೇಗೆ ಹಿಡಿಯುತ್ತದೆ ಅಂತ ಮನೆಯಲ್ಲಿರುವಾಗಲೇ ಗೊತ್ತಾಗಬೇಕು.

ಮತ್ತೆ, ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬಿಸಬೇಡಿ. ಅಂಗಡಿಯಲ್ಲಿ ತುಂಡು ಮಾಡಿಸದೆ ಪೂರ್ತಿ ಸ್ಟ್ರಿಪ್ಪೇ ತೆಗೆದುಕೊಳ್ಳಿ, ಕತ್ತರಿಸಿದರೆ ಹೆಸರು, ಎಕ್ಸ್‌ಪೈರಿ ಇರುವ ತುಂಡು ಅಲ್ಲೇ ಉಳಿಯುತ್ತದೆ. ಕಂಪನಿ ಹೆಸರಿನ ಬದಲು ಒಳಗಿರುವ ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ ಅಂತ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಸಿ. ಅಲ್ಲಿ ಮದ್ದು ಮುಗಿದರೆ ಇಲ್ಲಿನ ಚೀಟಿಗೆ ಕೊಡುವುದಿಲ್ಲ, ಅಲ್ಲಿನ ಡಾಕ್ಟರು ಹೊಸದಾಗಿ ಬರೆಯಬೇಕು, ಅವರಿಗೆ ನಮ್ಮ ಬ್ರಾಂಡ್ ಹೆಸರು ಗೊತ್ತಿರಲಿಕ್ಕಿಲ್ಲ. ವಾಪಸ್ ಬರುವ ಟಿಕೆಟ್ ಮುಂದೆ ಹೋದೀತು, ಹಾಗಾಗಿ ಬಿಪಿ ಮಾತ್ರೆ ಎರಡು ವಾರದ್ದು ಹೆಚ್ಚು ತರಬಹುದಾ ಅಂತಲೂ ಭಾವ ನೋಡಲಿ.

ದೊಡ್ಡಪ್ಪನೂ ಬರುವುದಾದರೆ ಅವರ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು. ಮಂಗಳೂರಿನಲ್ಲಿ ಲಗೇಜಿಗೆ ಹಾಕಿದರೆ ವಿಮಾನದ ಕೆಳಗಿನ ಚಳಿಗೆ ಗಟ್ಟಿಯಾದೀತು. ಒಮ್ಮೆ ಗಟ್ಟಿಯಾದದ್ದು ಕರಗಿದರೂ ಉಪಯೋಗಕ್ಕಿಲ್ಲ. ಅಲ್ಲಿ ಬಿಸಿಲಲ್ಲಿ ನಿಂತ ಕಾರಿನೊಳಗೂ ಬಿಡಬೇಡಿ.

ಆ ಕಾಲುರಿ ಮಾತ್ರೆಯ ಸ್ಟ್ರಿಪ್ಪಿನ ಎರಡೂ ಬದಿಯ ಫೋಟೊ ಗ್ರೂಪಿಗೆ ಬೇಡ, ನನಗೆ ಮಾತ್ರ ಕಳಿಸಿ. ಸಂಜೆ ಅಂಗಡಿ ಮುಚ್ಚುವ ಮೊದಲು ನೋಡಿ ಫೋನ್ ಮಾಡುತ್ತೇನೆ.