ಅಪ್‌ಡೇಟ್: ಚಿರತೆಯ ಕಣ್ಣಿಗೆ ಕೊನೆಗೂ ಜೀವ ಬಂತು

ಕಾಡಿನಲ್ಲಿ ಕಂಡ ಚಿರತೆಯ ಮುಖವನ್ನು ಅಕ್ರಿಲಿಕ್‌ನಲ್ಲಿ ಬರೆಯುತ್ತಿದ್ದೇನೆ, ಕಣ್ಣು ಗಾಜಿನ ಗೋಲಿ ಥರ ಕಾಣುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಸರಿಹೋಯಿತು!

ಕೆಲಸಕ್ಕೆ ಬಂದಿದ್ದು ಮೇಲಿನ ರೆಪ್ಪೆಯ ನೆರಳು ಹಾಕಿ ಎಂದವರ ಸಲಹೆ. ಗಾಢ ಕಂದು ಬಣ್ಣವಾದ ಬರ್ಂಟ್ ಅಂಬರ್‌ಗೆ ಚೂರು ನೀಲಿ ಬೆರೆಸಿ, ಕಣ್ಣಿನ ಮೇಲ್ಭಾಗಕ್ಕೆ ತೆಳುವಾಗಿ ಹಚ್ಚಿದೆ. ಒಣಗಿದ ಮೇಲೆ ಇನ್ನೊಂದು ಪದರ. ಕೆಳಭಾಗದ ಹಳದಿ-ಹಸಿರನ್ನು ಹಾಗೇ ಬಿಟ್ಟೆ. ಅಷ್ಟಕ್ಕೇ ಕಣ್ಣು ಉಬ್ಬಿ, ರೆಪ್ಪೆಯ ಒಳಗೆ ಕೂತಂತೆ ಕಂಡಿತು. ಹೊಳಪಿನ ಚುಕ್ಕೆಗೂ ಅಪ್ಪಟ ಬಿಳಿಯ ಬದಲು ತಿಳಿನೀಲಿ ಬೆರೆಸಿದೆ. ಹಗಲಿನಲ್ಲಿ ಅಲ್ಲಿ ಹೊಳೆಯುವುದು ಆಕಾಶವೇ ಅಲ್ವಾ.

ಬಿಳಿ ಚುಕ್ಕೆಯನ್ನು ದೊಡ್ಡದು ಮಾಡಿದ್ದು ಪ್ರಯೋಜನವಾಗಲಿಲ್ಲ, ನೋಟವೇ ಹೋಯಿತು. ಬೀಸಣಿಗೆಯಂತೆ ಹರಡಿದ ಫ್ಯಾನ್ ಬ್ರಷ್ ಕೂಡ ಅಷ್ಟೇ. ಮುಖದ ಗಿಡ್ಡ ಕೂದಲಿಗೆ ಅದು ತುಂಬಾ ಒರಟು, ಉದ್ದ ಕೂದಲಿನ ತೆಳ್ಳಗಿನ ಸಣ್ಣ ರಿಗ್ಗರ್ ಬ್ರಷ್ಷೇ ವಾಸಿ.

ಹುಡುಕುವಾಗ ಗೊತ್ತಾದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಜೋರು ಬೆಳಕಿನಲ್ಲಿ ಮನೆ ಬೆಕ್ಕಿನ ಪಾಪೆ ಸೀಳಿನಂತೆ ಕಿರಿದಾಗುತ್ತದೆ. ಚಿರತೆಯದು ಚಿಕ್ಕದಾದರೂ ದುಂಡಗೇ ಇರುತ್ತದೆ! ಬೆಕ್ಕಿನ ಫೋಟೋ ನೋಡಿ ಬರೆಯುವವರು ಇದನ್ನು ಗಮನಿಸಿ.

ಕಪ್ಪು ಮಚ್ಚೆಗಳ ಅಂಚಿಗೆ ಗೆರೆ ಎಳೆಯಬೇಡಿ, ಕೂದಲು ಸಾಗುವ ದಿಕ್ಕಿನಲ್ಲೇ ಅಂಚನ್ನು ಒಡೆಯಿರಿ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿವಿ, ಮೀಸೆ ಇನ್ನೂ ಬಾಕಿ ಇವೆ.