ಪದಚರ್ಚೆ: ‘ಎಂವಿಪಿ’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಹೊಸದಾಗಿ ಉದ್ಯಮ ಶುರುಮಾಡುವವರಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಮಿನಿಮಮ್ ವಯಬಲ್ ಪ್ರಾಡಕ್ಟ್’ (ಎಂವಿಪಿ) ಬಂದಾಗ ಲೇಖನಿ ನಿಂತಿತು. ಜನಕ್ಕೆ ಬೇಕೋ ಬೇಡವೋ ಎಂದು ತಿಳಿಯಲು, ತೀರಾ ಅಗತ್ಯವಾದಷ್ಟನ್ನೇ ಇಟ್ಟು ಮೊದಲು ಹೊರಬಿಡುವ ಉತ್ಪನ್ನವದು. ಹುಡುಕಿದರೆ ಸಿಗುವುದು ‘ಕನಿಷ್ಠ ಕಾರ್ಯಸಾಧ್ಯ ಉತ್ಪನ್ನ’. ಬೆಂಗಳೂರಿನ ಆಫೀಸುಗಳಲ್ಲಿ ಹಾಗಂದವರನ್ನು ನಾನಂತೂ ಕಂಡಿಲ್ಲ. ‘ಮೊದ್ಲು ಎಂವಿಪಿ ಬಿಡೋಣ, ಆಮೇಲೆ ನೋಡೋಣ’ ಅನ್ನುತ್ತಾರೆ, ಅಷ್ಟೆ.

ನನ್ನ ತಕರಾರು ‘ಕಾರ್ಯಸಾಧ್ಯ’ದ ಬಗ್ಗೆ. ಅದರರ್ಥ ‘ಮಾಡಲು ಆಗುವಂಥದ್ದು’, ‘ಫೀಸಿಬಲ್’ಗೆ ಸರಿ. 2001ರಲ್ಲಿ ಫ್ರಾಂಕ್ ರಾಬಿನ್ಸನ್ ಹುಟ್ಟುಹಾಕಿ, ಮುಂದೆ ‘ದಿ ಲೀನ್ ಸ್ಟಾರ್ಟಪ್’ ಪುಸ್ತಕ ಬರೆದ ಎರಿಕ್ ರೀಸ್ ಮನೆಮಾತಾಗಿಸಿದ ಈ ಪದಕ್ಕೆ ಅದು ಹೊಂದುವುದಿಲ್ಲ. ಆನ್‌ಲೈನ್‌ನಲ್ಲಿ ಶೂ ಮಾರುವ ಅಮೆರಿಕದ ಜಾಪೋಸ್ ಕಂಪನಿಯನ್ನೇ ನೋಡಿ. 1999ರಲ್ಲಿ ಅದರ ಸ್ಥಾಪಕ ನಿಕ್ ಸ್ವಿನ್ಮರ್ನ್ ಊರಿನ ಚಪ್ಪಲಿ ಅಂಗಡಿಗಳಲ್ಲಿ ಶೂಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರು. ಯಾರಾದರೂ ಆರ್ಡರ್ ಮಾಡಿದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸಿದರು. ಗೋದಾಮಿಲ್ಲ, ದಾಸ್ತಾನಿಲ್ಲ. ವೆಬ್‌ಸೈಟ್ ಕಟ್ಟಲು ಆಗುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗಿರಲಿಲ್ಲ. ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರೆಯೇ ಎಂಬುದು ಗೊತ್ತಾಗಬೇಕಿತ್ತು.

‘ಮೂಲಮಾದರಿ’ಯೂ ಬೇಡ. ಅದು ತಯಾರಿಸಿದವರ ಮೇಜಿನ ಮೇಲೇ ಉಳಿದರೂ ನಡೆದೀತು. ಎಂವಿಪಿ ಬಳಸುವವರ ಕೈಗೆ ಹೋಗಲೇಬೇಕು.

‘ವಯಬಲ್’ನ ಬೇರು ‘ಬದುಕು’ ಎಂಬರ್ಥದ ಫ್ರೆಂಚ್ ಪದದಲ್ಲಿದೆ. ಮೊಳೆಯಬಲ್ಲ ಬೀಜಕ್ಕೂ ಇಂಗ್ಲಿಷಿನಲ್ಲಿ ‘ವಯಬಲ್’ ಎಂದೇ ಅನ್ನುತ್ತಾರೆ. ಬಿತ್ತನೆಗೆ ಮುಂಚೆ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡುವ ಮೊಳಕೆ ಪರೀಕ್ಷೆ ನಮ್ಮ ರೈತರಿಗೆ ಗೊತ್ತಿರುವುದೇ. ಆ ಜಾಡಿನಲ್ಲಿ ‘ಮೊಳಕೆ ಸರಕು’ ಹೊಳೆಯಿತು. ಆದರೆ ಓದಿದವರಿಗೆ ಹೆಸರುಕಾಳಿನ ಕೋಸಂಬರಿ ನೆನಪಾದರೆ ಕಷ್ಟ! ಈಗ ‘ಒರೆಸರಕು’ ಎಂದಿಟ್ಟುಕೊಂಡಿದ್ದೇನೆ: ಒರೆಗೆ ಹಚ್ಚಿ ನೋಡಲೆಂದೇ ಹೊರಬಿಟ್ಟ ಸರಕು. ಇದರಲ್ಲಿ ‘ಕನಿಷ್ಠ’ ಬಿಟ್ಟುಹೋಗುತ್ತದೆ, ನಿಜ. ನನಗದು ದೊಡ್ಡ ನಷ್ಟ ಅನಿಸಿಲ್ಲ.

ಬಲ್ಲವರಲ್ಲಿ ಕೇಳುವುದಿಷ್ಟು. ಮೊಬೈಲ್ ಆ್ಯಪ್‌ನಂಥದ್ದನ್ನು ‘ಸರಕು’ ಅಂದರೆ ಕಿವಿಗೆ ಒಪ್ಪುತ್ತದೆಯೇ? ಮಂಗಳೂರು, ಧಾರವಾಡದ ಕಡೆ ‘ಪರೀಕ್ಷೆಗೆಂದು ಬಿಟ್ಟದ್ದು’ ಎಂಬುದಕ್ಕೆ ಆಡುಮಾತೇನಾದರೂ ಇದೆಯೇ? ಇನ್ನೊಂದು: ‘ಟಾರ್ಗೆಟ್ ಯೂಸರ್ಸ್’ಗೆ ‘ಗುರಿ ಬಳಕೆದಾರರು’ ಎಂದರೆ ಅವರತ್ತ ಬಾಣ ಹೂಡಿದ ಹಾಗಿದೆ. ಸದ್ಯಕ್ಕೆ ‘ಯಾರಿಗಾಗಿ ಮಾಡುತ್ತೀರೋ ಅವರು’ ಎಂದು ಬಿಡಿಸಿ ಬರೆದಿದ್ದೇನೆ. ಚಿಕ್ಕದೊಂದು ಪದ ಸಿಕ್ಕರೆ ತಿಳಿಸಿ.